ಬಾಯಾರ ಕೈಗಳು

ಈ ಸಲ ಪಂಚಮಿಗೆ ಅಳ್ಳು ಹುರಿಯುವಾಗ ಒಂದು ಬಾಣಲೆ ಜೋಳ ಕರಕಾಯಿತು. ಫೋನು ಬಂತೆಂದು ಒಳಗೆ ಹೋಗಿ ಬರುವಷ್ಟರಲ್ಲಿ, ಬೆಳ್ಳಗೆ ಅರಳಬೇಕಾದ ಕಾಳು ಅರಳದೆ ಕಾಫಿ ಬೀಜದ ಬಣ್ಣಕ್ಕೆ ತಿರುಗಿ ಹೊಗೆಯಾಡುತ್ತಿತ್ತು. ಒಲೆ ಆರಿಸಿ ಕಿಟಕಿ ತೆರೆಯಲು ಹೋದವಳು ಅಲ್ಲೇ ನಿಂತುಬಿಟ್ಟೆ. ಆ ವಾಸನೆ ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ಕಾಲಕ್ಕೆ ಅದು ದಿನಾ ಬೆಳಗ್ಗೆ ಮೇಲಿನ ಮನೆಯ ಮೆಟ್ಟಿಲಿಳಿದು ನಮ್ಮ ಪಡಸಾಲೆಗೆ ಬರುತ್ತಿತ್ತು...

ಮೇಲೆ ಬಾಡಿಗೆಗಿದ್ದ ಬಾಯಾರ ದೇಶದಲ್ಲಿ ಜವೆಗೋಧಿಯನ್ನು ಹೀಗೆ ಕಪ್ಪಗೆ ಹುರಿದು, ನೀರಿಗೆ ಹಾಕಿ ಕುದಿಸಿ, ಆ ಕಂದು ನೀರನ್ನೇ ದಿನವಿಡೀ ಕುಡಿಯುತ್ತಾರಂತೆ. ನಮ್ಮ ಪೇಟೆಯಲ್ಲಿ ಜವೆಗೋಧಿ ಸಿಗದಿದ್ದಾಗ ಬಾಯಾರು ಬಿಳಿಜೋಳ ಹುರಿದು ನೋಡಿದರು. ಗಂಡಹೆಂಡಿರಿಬ್ಬರಿಗೂ ಹಿಡಿಸಿತು. ನಮ್ಮ ಅತ್ತೆಗೆ ಮಾತ್ರ ಸಿಟ್ಟು. ಬಂಗಾರದಂಥ ಜೋಳ ಸುಟ್ಟು ಅದರ ನೀರು ಕುಡಿಯುವವರನ್ನು ತಾನು ಎಲ್ಲೂ ಕಂಡಿಲ್ಲವೆಂದು ಒಂದು ವಾರ ಅಂದರು. ಆಮೇಲೆ ತಾವೂ ಒಂದು ಲೋಟ ಕುಡಿಯತೊಡಗಿದರು.

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಬಾಯಾರು ಎನ್ನುತ್ತಾರೆ. ಹುಟ್ಟಿನಿಂದ ಕಿವಿ ಕೇಳದ, ಒಂದು ಮಾತೂ ಆಡದ ಆಕೆಯನ್ನು ಓಣಿಯವರೆಲ್ಲ ಬಾಯಾರು ಎಂದು ಕರೆದದ್ದು ಆಗ ಯಾರಿಗೂ ವಿಚಿತ್ರವೆನಿಸಲಿಲ್ಲ. ಅವರ ಗಂಡನಿಗೆ ಕಿವಿ ಕೇಳುತ್ತಿತ್ತು. ಅವರನ್ನು ನಾವು ಮಾಸ್ತರು ಎನ್ನುತ್ತಿದ್ದೆವು. ಇಬ್ಬರೂ ಕೊರಿಯಾ ದೇಶದವರು. ಓಣಿಯ ಹುಡುಗರ ಬಾಯಲ್ಲಿ ಮಾತ್ರ ಕೊನೆಯವರೆಗೂ ಚೀನಾದವರಾಗಿಯೇ ಉಳಿದರು.

ವಿಜಯಪುರದಲ್ಲಿ ತೊರವಿ ಕಡೆಗೆ ಹೋಗುವ ರಸ್ತೆಯ ಹತ್ತಿರ ನಮ್ಮ ಮನೆ. ಯಜಮಾನರಿಗೆ ಸೊಲ್ಲಾಪುರದಲ್ಲಿ ನೌಕರಿ, ವಾರಕ್ಕೊಮ್ಮೆ ಬರುತ್ತಿದ್ದರು. ನಾನು ಒಂದು ಸಹಕಾರಿ ಸಂಘದ ಕಚೇರಿಯಲ್ಲಿ ಗುಮಾಸ್ತೆ. ಮನೆಯಲ್ಲಿ ಅತ್ತೆ, ನಾನು, ನನ್ನ ಮಗಳು. ಮಗಳಿಗೆ ಆಗ ಹತ್ತು ವರ್ಷದ ಆಚೆ ಈಚೆ. ಅವಳಿಗೂ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಮಿರಜ, ಸೊಲ್ಲಾಪುರ ಎಂದು ದವಾಖಾನೆಗಳನ್ನೆಲ್ಲ ಸುತ್ತಿ ಬಂದಿದ್ದೆವು. ತುಟಿ ನೋಡಿ ಮಾತು ಹಿಡಿಯುವುದನ್ನು ಅವಳು ಒಂದಿಷ್ಟು ಕಲಿತಿದ್ದಳು. ಆದರೆ ತನ್ನೊಳಗಿನದನ್ನು ಹೇಳಲು ಅವಳಿಗೆ ದಾರಿಯೇ ಇರಲಿಲ್ಲ. ಬೆರಳು ತೋರಿಸುತ್ತಿದ್ದಳು, ನನ್ನ ಸೆರಗು ಜಗ್ಗುತ್ತಿದ್ದಳು, ನನಗೆ ತಿಳಿಯದಿದ್ದಾಗ ಗೋಡೆಗೆ ಹಣೆ ಬಡಿದುಕೊಳ್ಳುತ್ತಿದ್ದಳು.

ಮೇಲಿನ ಮನೆ ಬಾಡಿಗೆಗೆ ಕೇಳಲು ಬಂದ ದಿನವೇ ಮಾಸ್ತರು ಹರಕುಮುರುಕು ಹಿಂದಿಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದರು: ತಾವು ಕ್ರಿಸ್ತನ ಸೇವೆಗೆಂದು ಬಂದ ಮಿಶನರಿಗಳು, ಕಿವಿ ಕೇಳದ ಮಕ್ಕಳಿಗೆ ಕೈಸನ್ನೆಯ ಭಾಷೆ ಕಲಿಸುತ್ತೇವೆ, ಅದನ್ನು ಹೈದರಾಬಾದಿನಲ್ಲಿದ್ದು ಕಲಿತು ಬಂದಿದ್ದೇವೆ. ನಾನೂ ನೇರವಾಗಿ ಕೇಳಿದೆ, ನನ್ನ ಮಗಳನ್ನು ನಿಮ್ಮ ಮತಕ್ಕೆ ಸೇರಿಸಿಕೊಳ್ಳುತ್ತೀರೇನು ಎಂದು. ಅವರು ಅದನ್ನು ಹೆಂಡತಿಗೆ ಕೈಯಲ್ಲಿ ಹೇಳಿದರು. ಬಾಯಾರು ನನ್ನ ಮುಖವನ್ನೇ ನೋಡುತ್ತ ಉತ್ತರ ಕೊಟ್ಟರು. ನಮ್ಮ ದೇವರ ಬಗ್ಗೆ ಅವಳು ಕೇಳಿದರೆ ಹೇಳುತ್ತೇನೆ, ಆದರೆ ಕೇಳುವುದಕ್ಕೆ ಮೊದಲು ಅವಳಿಗೆ ಮಾತು ಬೇಕಲ್ಲ ಎಂದರಂತೆ. ಆ ಉತ್ತರ ನನಗೆ ಪೂರ್ತಿ ಸಮಾಧಾನ ಕೊಡಲಿಲ್ಲ. ಆದರೂ ಬೀಗದಕೈ ಕೊಟ್ಟೆ.

ಮೂರ್ನಾಲ್ಕು ತಿಂಗಳಲ್ಲಿ ನನ್ನ ಮಗಳು ಬೇರೆ ಹುಡುಗಿಯಾದಳು. ಒಂದು ಸಂಜೆ ಅಡುಗೆಮನೆಗೆ ಬಂದು, ನಿನ್ನೆ ಕನಸಿನಲ್ಲಿ ಸತ್ತ ಅಜ್ಜ ಬಂದಿದ್ದ, ಅವನ ಚಪ್ಪಲಿ ಒದ್ದೆಯಾಗಿತ್ತು ಎಂದು ಕೈಯಲ್ಲಿ ಹೇಳಿದಳು. ಅವಳು ಕನಸು ಕಾಣುತ್ತಾಳೆಂಬುದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನಾನು ಲಟ್ಟಣಿಗೆ ಹಿಡಿದುಕೊಂಡೇ ಅತ್ತುಬಿಟ್ಟೆ.

ಮೇಲಿನ ಮನೆಯವರ ಬಾಳುವೆ ನಮ್ಮದಕ್ಕಿಂತ ಬೇರೆಯೇನೂ ಇರಲಿಲ್ಲ. ಬೆಳಗ್ಗೆ ಪ್ರಾರ್ಥನೆ, ನೀರು ಬಂದ ದಿನ ಟಾಕಿ ತುಂಬಿಸುವುದು, ಮೇಲೆ ಹಗ್ಗಕ್ಕೆ ಬಟ್ಟೆ ಹರವುವುದು. ಕ್ಯಾಬೇಜಿಗೆ ಉಪ್ಪು ಖಾರ ಹಚ್ಚಿ ಭರಣಿಗೆ ತುಂಬುತ್ತಿದ್ದರು, ಅದರ ಘಾಟು ಮಾತ್ರ ಓಣಿಗೆಲ್ಲ ಗೊತ್ತಾಗುತ್ತಿತ್ತು. ಅವರ ಬಾಗಿಲಿನ ಕರೆಗಂಟೆಗೆ ಸದ್ದಿರಲಿಲ್ಲ. ಗುಂಡಿ ಒತ್ತಿದರೆ ಒಳಗೆ ಒಂದು ಕೆಂಪು ದೀಪ ಹತ್ತುತ್ತಿತ್ತು. ಸ್ಕೂಟರಿನ ಹಿಂದೆ ಕುಳಿತ ಬಾಯಾರು ಹೇಳುವುದನ್ನು ಗಂಡನ ಬೆನ್ನ ಮೇಲೆ ಬೆರಳಿನಿಂದ ಬಡಿದು ಹೇಳುತ್ತಿದ್ದರು. ಮಾಸ್ತರು ಅತ್ತೆಯ ಹತ್ತಿರ ಕನ್ನಡ ಕಲಿತರು. ಅತ್ತೆ ಕಲಿಸಿದ್ದೆಲ್ಲ ಮನೆಗೆ ಬಂದವರನ್ನು ಉಪಚರಿಸುವ ಮಾತು. ಬರ್ರಿ, ಕೂಡ್ರಿ, ನೀರ ಕುಡೀರಿ, ಊಟಾ ಆತೇನ್ರಿ. ಅಷ್ಟೇ ಬಂಡವಾಳದ ಮೇಲೆ ಅವರು ಪೇಟೆಯಲ್ಲಿ ವ್ಯವಹಾರ ಮಾಡಿ ಬರುತ್ತಿದ್ದರು.

ನನಗೆ ಹೆಚ್ಚು ನೆನಪಿರುವುದು, ಮಾಸ್ತರು ಊರಿನ ಸದ್ದನ್ನೆಲ್ಲ ಹೆಂಡತಿಗೆ ಮುಟ್ಟಿಸುತ್ತಿದ್ದ ರೀತಿ. ತರಕಾರಿ ಗಾಡಿಯವನ ಕೂಗು, ಮಸೀದಿಯ ಬಾಂಗು, ಎದುರು ಮನೆಯವರ ಜಗಳ, ನಾಯಿ ಬೊಗಳಿದ್ದು, ಗುಡುಗು... ಕಟ್ಟೆಯ ಮೇಲೆ ಕುಳಿತು ಒಂದೊಂದನ್ನೂ ಕೈಯಲ್ಲಿ ಹೇಳುತ್ತಿದ್ದರು. ಬಾಯಾರು ತಲೆದೂಗುತ್ತಿದ್ದರು, ನಗುತ್ತಿದ್ದರು.

ವಾರಕ್ಕೊಮ್ಮೆ ಇಬ್ಬರೂ ಘೋಣಸಗಿಗೆ ಹೋಗುತ್ತಿದ್ದರು. ಅಲ್ಲಿ ಒಂದು ಒಕ್ಕಲು ಮನೆಯಲ್ಲಿ ಕಿವಿ ಕೇಳದ ಅಕ್ಕತಂಗಿಯರಿದ್ದರು. ಬೇವಿನ ಗಿಡದ ಕೆಳಗೆ ಪಾಠ. ಕೆಲವು ಸಲ ಕನಮಡಿಗೂ ಹೋಗಿ ಬರುತ್ತಿದ್ದರು.

ಮೊದಲು ಕೇಳಿದವನು ನಮ್ಮ ಓಣಿಯ ಪಾನಂಗಡಿಯವನು. ಈ ಚೀನಾದವರು ಹಳ್ಳಿ ಹಳ್ಳಿ ಯಾಕೆ ತಿರುಗುತ್ತಾರೆ, ಮಕ್ಕಳ ಫೋಟೋ ಯಾಕೆ ತೆಗೆಯುತ್ತಾರೆ ಎಂದು. ತೆಗೆಯುವುದಿಲ್ಲ ಎಂದೆ. ನಿಮಗೆ ಗೊತ್ತಿಲ್ಲ ಬಿಡ್ರಿ ಎಂದು ಅವನು ಸುಣ್ಣ ಹಚ್ಚತೊಡಗಿದ. ಅದಾದ ಕೆಲವು ದಿನಕ್ಕೆ ನಮ್ಮ ಕಚೇರಿಯಲ್ಲಿ ಎಲ್ಲರ ಮೊಬೈಲಿಗೂ ಒಂದೇ ಸಂದೇಶ ಬಂತು. ಗಡಿಯಾಚೆಯಿಂದ ಮಕ್ಕಳ ಕಳ್ಳರು ಬಂದಿದ್ದಾರೆ, ತಿನ್ನಲು ಕೊಟ್ಟು ಎತ್ತಿಕೊಂಡು ಹೋಗುತ್ತಾರೆ, ಎಚ್ಚರ. ಯಾವುದೋ ಊರಿನ ಮಕ್ಕಳ ಫೋಟೋ ಬೇರೆ. ಅಂಥವು ಆಗ ದಿನಕ್ಕೆ ಎಷ್ಟೋ ಬರುತ್ತಿದ್ದವು. ನಾನು ನೋಡಿ ಬಿಟ್ಟೆ.

ಮರುವಾರ ಬಂದದ್ದು ವಿಡಿಯೋ. ಪಕ್ಕದ ಮೇಜಿನವಳು ಊಟದ ಹೊತ್ತಿನಲ್ಲಿ ತೋರಿಸಿದಳು. ಯಾರೋ ದೂರದಿಂದ, ಗೋಡೆಯ ಮರೆಯಲ್ಲಿ ನಿಂತು ತೆಗೆದದ್ದು. ಬೇವಿನ ಗಿಡ, ಕೆಳಗೆ ಬಾಯಾರು, ಎದುರಿಗೆ ಕುಳಿತ ಹುಡುಗಿಯರು. ಬಾಯಾರು ಕೈ ಆಡಿಸುತ್ತಾರೆ, ಹುಡುಗಿಯರು ಹಾಗೇ ಆಡಿಸುತ್ತಾರೆ. ಅದಕ್ಕೆ ಯಾರೋ ಭೂತದ ಸಿನಿಮಾದಲ್ಲಿ ಬರುವಂಥ ಸಂಗೀತ ಕೂಡಿಸಿದ್ದರು. ಕೆಳಗೆ ಬರೆದಿತ್ತು: ಕೈಯಿಂದ ಮಾಟ ಮಾಡಿ ಮಕ್ಕಳನ್ನು ಮರುಳು ಮಾಡುವ ವಿಧಾನ ನೋಡಿ. ಅದೇ ಪಾಠ, ಅದೇ ಗಿಡ, ಆದರೆ ಆ ಸಂಗೀತದೊಂದಿಗೆ ನೋಡಿದಾಗ ಎಲ್ಲ ಗೊತ್ತಿದ್ದ ನನ್ನ ಮೈಯಲ್ಲೂ ಮುಳ್ಳು ಎದ್ದವು.

ಆ ಹೊತ್ತಿಗೆ ಹಾಲಿನವನು ಮೇಲಿನ ಮನೆಗೆ ಹಾಲು ಕೊಡುವುದನ್ನು ಬಿಟ್ಟಿದ್ದ. ಕೇಳಿದರೆ ಎಮ್ಮೆ ಬತ್ತಿದೆ ಎಂದ. ನಮಗೆ ಮಾತ್ರ ಹಾಕುತ್ತಿದ್ದ. ಮಧ್ಯಾಹ್ನದ ಹೊತ್ತು ಎದುರಿನ ಖಾಲಿ ಜಾಗದಲ್ಲಿ ಇಬ್ಬರು ಮೋಟಾರ್ ಸೈಕಲ್ ನಿಲ್ಲಿಸಿಕೊಂಡು ಸುಮ್ಮನೆ ಕುಳಿತಿರುತ್ತಿದ್ದರು. ಯಾರೆಂದು ಅತ್ತೆ ಕೇಳಿದರೆ, ಏನಿಲ್ಲ ಅಜ್ಜಿ, ನೆರಳಿಗೆ ಕುಂತೇವಿ ಎನ್ನುತ್ತಿದ್ದರು. ಅಲ್ಲಿ ನೆರಳಿರಲಿಲ್ಲ.

ಮಾಸ್ತರು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಅವರ ಕನ್ನಡ ಅಷ್ಟು ಬೆಳೆದಿತ್ತು. ಆದರೆ ಕಟ್ಟೆಯ ಮೇಲೆ ಕುಳಿತಾಗ ಅವರ ಕೈಗಳು ಮೊದಲಿನಂತೆ ಆಡುತ್ತಿರಲಿಲ್ಲ. ಮುಂದೆ ಹಾದುಹೋಗುವವರು ಏನೋ ಅಂದು ಹೋಗುತ್ತಿದ್ದರು. ಏನೆಂದರು ಎಂದು ಬಾಯಾರು ಕಣ್ಣಲ್ಲೇ ಕೇಳುತ್ತಿದ್ದರು. ಮಾಸ್ತರು ತರಕಾರಿಯವನು ಎಂದೋ ಮೋಡ ಎಂದೋ ಹೇಳಿ ಬೇರೆ ಕಡೆ ನೋಡುತ್ತಿದ್ದರು. ಊರೆಲ್ಲ ಆಕೆಯ ಬಗ್ಗೆ ಮಾತಾಡುತ್ತಿತ್ತು. ಆಕೆ ಜೋಳ ಹುರಿಯುತ್ತಿದ್ದರು, ನನ್ನ ಮಗಳ ಜಡೆ ಹೆಣೆಯುತ್ತಿದ್ದರು...

ಕೊನೆಗೆ ಹೇಳಿದವಳು ನನ್ನ ಮಗಳೇ. ಪಾನಂಗಡಿಯ ಮುಂದೆ ನಿಂತವರ ತುಟಿಗಳನ್ನು ಅವಳು ಓದಿದ್ದಳು. ಮಕ್ಕಳ ಕಳ್ಳಿ ಎಂಬ ಮಾತನ್ನು ಹೇಗೆ ಹೇಳಬೇಕೆಂದು ಅವಳಿಗೆ ಬಾಯಾರು ಕಲಿಸಿರಲಿಲ್ಲ. ಮಗುವನ್ನು ಎತ್ತುವುದು, ಸೆರಗಿನಲ್ಲಿ ಮುಚ್ಚುವುದು, ಓಡುವುದು ಎಂದು ತಾನೇ ಕೂಡಿಸಿ ತೋರಿಸಿ, ಆಮೇಲೆ ಬಾಯಾರ ಎದೆಗೆ ಬೆರಳು ತಾಗಿಸಿದಳಂತೆ.

ಆ ಸಂಜೆ ಬಾಯಾರು ಕೆಳಗಿಳಿದು ಬಂದು ನನ್ನೆದುರು ಕುಳಿತರು. ಗಂಡನನ್ನು ಕರೆತಂದಿರಲಿಲ್ಲ. ನನಗೆ ಬಂದಷ್ಟು ಸನ್ನೆಯಲ್ಲಿ ಎಲ್ಲ ಹೇಳಿದೆ, ವಿಡಿಯೋ ತೋರಿಸಿದೆ. ಅವರು ಎರಡು ಸಲ ನೋಡಿದರು. ಅವರ ಪಾಲಿಗೆ ಅದರಲ್ಲಿ ಹೆದರುವಂಥದ್ದು ಏನೂ ಇರಲಿಲ್ಲ. ಚಿಕ್ಕವಳು ‘ಮಳೆ’ಯ ಸನ್ನೆಯನ್ನು ತಪ್ಪು ಮಾಡುತ್ತಿದ್ದಾಳೆ ಎಂದು ಮಾತ್ರ ಹೇಳಿದರು. ಸ್ವಲ್ಪ ದಿನ ಘೋಣಸಗಿಗೆ ಹೋಗಬೇಡಿ ಎಂದೆ. ನಾವು ಹೋಗದಿದ್ದರೆ ಆ ಹುಡುಗಿಯರ ಜೊತೆ ವಾರವೆಲ್ಲ ಯಾರೂ ಮಾತಾಡುವುದಿಲ್ಲ ಎಂದರು. ಹಾಗಾದರೆ ನಾನೂ ಬರುತ್ತೇನೆ ಎಂದೆ. ಈ ಕಡೆಯವಳೇ ಒಬ್ಬಳು ಜೊತೆಗಿದ್ದರೆ ಯಾರೂ ಏನೂ ಅನ್ನಲಾರರು ಎಂಬುದು ನನ್ನ ಎಣಿಕೆ. ಮಗಳು ತಾನೂ ಬರುತ್ತೇನೆಂದು ಹಟ ಹಿಡಿದಳು. ಅತ್ತೆ ಬೇಡವೆಂದರು. “ಊರ ಬಾಯಿ ಕೆಟ್ಟೈತಿ. ಮಗೀನ ಒಯ್ಯಬ್ಯಾಡ” ಎಂದರು. ಮಗಳು ಆಗಲೇ ಚಪ್ಪಲಿ ಮೆಟ್ಟಿದ್ದಳು.

ಸ್ಕೂಟರಿನ ಬದಲು ಒಂದು ಆಟೋ ಮಾಡಿಕೊಂಡು ಹೋದೆವು. ಘೋಣಸಗಿಯಲ್ಲಿ ಏನೂ ಆಗಲಿಲ್ಲ. ಆದರೆ ಹಿಂದೆ ಬಂದಾಗಲೆಲ್ಲ ನೀರು ತಂದುಕೊಡುತ್ತಿದ್ದ ನೆರೆಮನೆಯವರು ಅಂದು ಬಾಗಿಲು ಮುಂದೆ ಮಾಡಿಕೊಂಡಿದ್ದರು. ಬೇರೆ ಮಕ್ಕಳು ಯಾರೂ ಹೊರಗೆ ಕಾಣಲಿಲ್ಲ. ಪಾಠ ಬೇಗ ಮುಗಿಸಿದೆವು.

ಬರುವಾಗ ತಿಕೋಟಾದಲ್ಲಿ ಆಟೋದವನು ಚಹಾ ಕುಡಿಯಲು ನಿಲ್ಲಿಸಿದ. ಅತ್ತೆಯ ಸಕ್ಕರೆ ಕಾಯಿಲೆಯ ಗುಳಿಗೆ ತರಲು ನಾನು ಔಷಧದ ಅಂಗಡಿಗೆ ಹೋದೆ. ಹತ್ತು ಹೆಜ್ಜೆ ದೂರವಿರಬಹುದು. ಗುಳಿಗೆ ಕೈಗೆ ಬರುವ ಮೊದಲೇ ಅಂಗಡಿಯವನು ನನ್ನ ಹಿಂದೆ ನೋಡತೊಡಗಿದ. ತಿರುಗಿದೆ. ಆಟೋ ಕಾಣುತ್ತಿರಲಿಲ್ಲ, ಬರೀ ಜನರ ಬೆನ್ನು ಕಾಣುತ್ತಿತ್ತು.

ಆಗಿದ್ದು ಇಷ್ಟು. ಆಟೋದ ಪಕ್ಕ ನಿಂತು ಬಾಯಾರು ಮತ್ತು ಮಗಳು ಏನೋ ಮಾತಾಡಿಕೊಂಡಿದ್ದಾರೆ, ಕೈಯಲ್ಲಿ. ವಿಡಿಯೋ ನೋಡಿದ್ದ ಯಾರೋ ಗುರುತು ಹಿಡಿದಿದ್ದಾನೆ. ಹುಡುಗಿಯನ್ನು ಬಿಡಿಸಬೇಕೆಂದು ಒಬ್ಬ ಅವಳ ರಟ್ಟೆ ಹಿಡಿದು ಎಳೆದಿದ್ದಾನೆ. ಮಗಳು ಕಿರುಚಿದ್ದಾಳೆ. ಮಾತಿಲ್ಲದ ಅವಳ ಕಿರುಚು ಕೇಳದವರಿಗೆ ಹೇಳಿ ತಿಳಿಸುವುದು ಕಷ್ಟ. ಅದನ್ನು ಕೇಳಿ, ಹುಡುಗಿಗೆ ಏನೋ ಕುಡಿಸಿದ್ದಾರೆ ಎಂದುಕೊಂಡಿದ್ದಾರೆ.

ನಾನು ಜನರನ್ನು ನೂಕಿಕೊಂಡು ಒಳಗೆ ಹೋದೆ. ಮಾಸ್ತರ ಹುಬ್ಬಿನಿಂದ ರಕ್ತ ಅಂಗಿಯ ಮೇಲೆ ಇಳಿಯುತ್ತಿತ್ತು. ನಾಲ್ಕೈದು ಜನ ಅವರನ್ನು ಆಟೋಕ್ಕೆ ಒತ್ತಿ ಹಿಡಿದಿದ್ದರು. ಕಲಿತ ಕನ್ನಡವೆಲ್ಲ ಆ ಗಾಬರಿಯಲ್ಲಿ ಕೈಬಿಟ್ಟು ಹೋಗಿ, ಅತ್ತೆ ಮೊದಲು ಕಲಿಸಿದ್ದು ಮಾತ್ರ ಉಳಿದಿತ್ತು. “ಕೂಡ್ರಿ... ಎಲ್ಲಾರೂ ಕೂಡ್ರಿ... ನೀರ ಕುಡೀರಿ...” ಎನ್ನುತ್ತಿದ್ದರು. ಕೆಲವರು ನಗುತ್ತಿದ್ದರು.

ಬಾಯಾರನ್ನು ಇಬ್ಬರು ಹಿಡಿದಿದ್ದರು, ಒಬ್ಬೊಬ್ಬರು ಒಂದೊಂದು ಕೈ. ಆಕೆ ನನ್ನ ಮಗಳಿಗೆ ಏನೋ ಹೇಳಲು ಕೈ ಎಳೆದುಕೊಳ್ಳುತ್ತಿದ್ದರು. ಎಳೆದಷ್ಟೂ ಅವರು ತಿರುವಿ ಹಿಡಿಯುತ್ತಿದ್ದರು. “ಕೈ ಬಿಡಬ್ಯಾಡ್ರಿ, ಕೈಯಾಗ ಐತಿ ಎಲ್ಲಾ” ಎಂದು ಹಿಂದಿನಿಂದ ಯಾರೋ ಹೇಳಿದರು.

ಇದು ನನ್ನ ಮಗಳು ಎಂದೆ. ಯಾರೂ ನಂಬಲಿಲ್ಲ. ಇವಳೂ ಅವರ ಜೋಡಿಯೇ ಬಂದವಳು, ಆಟೋದಿಂದ ಇಳಿದದ್ದನ್ನು ನೋಡಿದ್ದೇನೆ ಎಂದು ಒಬ್ಬ ಹೇಳಿದ. ಮೊಬೈಲು ಎತ್ತಿ ಹಿಡಿದಿದ್ದ ಇನ್ನೊಬ್ಬ, ಚೆನ್ನಾಗಿ ಓದಿದವನಂತೆ ಕಾಣುತ್ತಿದ್ದ, ಸಿಟ್ಟಿಲ್ಲದೆ ನನ್ನನ್ನು ಕೇಳಿದ.

“ಮಗಳಾದ್ರ ಮಾತಾಡಸ್ರಿ ನೋಡೂಣು. ಅವ್ವಾ ಅನ್ನಲಿ, ಬಿಡ್ತೀವಿ.”

“ಆಕಿಗೆ ಮಾತು ಬರಂಗಿಲ್ರಿ. ಕಿವಿ ಕೇಳಂಗಿಲ್ಲ” ಎಂದೆ.

ಗುಂಪಿನಲ್ಲಿ ಒಂದು ಸದ್ದು ಹರಿದುಹೋಯಿತು. ನಂಬದವರ ಸದ್ದು. ಮಗಳು ಅವನ ತುಟಿ ನೋಡಿದ್ದಳು. ಕೇಳಿದ್ದು ಅವಳಿಗೆ ತಿಳಿದಿತ್ತು. ಬಲಗೈ ಎತ್ತಿ ಮೂಗುತಿಯ ಜಾಗಕ್ಕೆ ಬೆರಳಿಟ್ಟಳು. ಅದು ಅವ್ವ ಎಂಬುದರ ಸನ್ನೆ. ಅವನು ಅನ್ನು ಎಂದದ್ದನ್ನೇ ಅವಳು ಅಂದಿದ್ದಳು. ಮತ್ತೆ ಮತ್ತೆ ಅನ್ನುತ್ತಿದ್ದಳು. ಅವ್ವ, ಅವ್ವ, ಅವ್ವ... ನೋಡ್ರಿ, ಇದಕ್ಕೂ ಕಲಿಸಿಬಿಟ್ಟಾರ ಎಂದರು ಜನ.

ಆಗ ಬಳೆ ಮಾರುವ ಮುದುಕಿಯೊಬ್ಬಳು ಬುಟ್ಟಿ ಕೆಳಗಿಟ್ಟು ಮುಂದೆ ಬಂದಳು. ಬಬಲೇಶ್ವರ ನನ್ನ ತವರು. ಅಲ್ಲಿಯ ಓಣಿಗಳಲ್ಲಿ ಬಳೆ ಮಾರಲು ಬರುತ್ತಿದ್ದ ಮುಸಲ್ಮಾನರ ಮನೆಯ ಹೆಣ್ಣುಮಗಳು. ನನಗೆ ಆಗ ಅವಳ ಗುರುತು ಸಿಗಲಿಲ್ಲ, ಅವಳಿಗೆ ನನ್ನದು ಸಿಕ್ಕಿತು. “ನೀ ಬಬಲೇಶ್ವರ ಗೌಂಟಿ ಡಾಕ್ಟರ್ ಮಗಳಲ್ಲೇನವಾ?” ಎಂದಳು. ಹೌದೆಂದೆ. ಅವಳು ಜನರ ಕಡೆ ತಿರುಗಿದಳು. “ಇದು ಡಾಕ್ಟರ್ ಮೊಮ್ಮಗಳು. ಹುಟ್ಟಾ ಮಾತಿಲ್ಲ. ಇದರ ಕೈಗೆ ನಾನ ಬಳಿ ಇಟ್ಟೇನಿ. ಬಿಡ್ರಿ ಇದನ್ನ” ಎಂದಳು.

ಬಿಟ್ಟರು. ನನ್ನ ಅಪ್ಪ ನಾಟಿ ಔಷಧ ಕೊಡುತ್ತಿದ್ದವನು, ಸತ್ತು ಎಷ್ಟೋ ವರ್ಷವಾಗಿತ್ತು. ಅವನ ಗುರುತಿನ ಮೇಲೆ ನನಗೂ ಮಗಳಿಗೂ ಜಾಗ ಬಿಟ್ಟು ಸರಿದರು. ಒಬ್ಬ ನನಗೆ ಕ್ಷಮೆ ಕೂಡ ಕೇಳಿದ. ಆದರೆ ಬಾಯಾರ ಅಪ್ಪನನ್ನು ಅಲ್ಲಿ ಬಲ್ಲವರು ಯಾರಿದ್ದರು? ಆಕೆಯ ಕೈಗಳನ್ನು ಹಿಡಿದವರು ಹಿಡಿದೇ ಇದ್ದರು.

“ಆಕಿ ಕೈ ಬಿಡ್ರಿ,” ಎಂದೆ ನಾನು. “ಆಕಿಗೆ ಅದ ಬಾಯಿ.”

ಕೇಳಿದವರು ಇದ್ದಿರಬಹುದು. ಅಷ್ಟರಲ್ಲಿ ಹಿಂದಿನಿಂದ ಜನ ಒತ್ತಿದರು, ಎಲ್ಲರೂ ಒಂದು ಕಡೆಗೆ ವಾಲಿದರು, ಬಾಯಾರು ಕೆಳಗೆ ಬಿದ್ದರು. ಹಿಡಿದವನು ಆಗಲೂ ಬಿಟ್ಟಿರಲಿಲ್ಲ. ಮಣಿಕಟ್ಟು ಮುರಿದ ಸದ್ದು ನಾನು ಕೇಳಿದೆ. ಆಕೆ ಬಾಯಿ ತೆರೆದರು, ಸದ್ದು ಬರಲಿಲ್ಲ. ಪೊಲೀಸರ ಜೀಪು ಬಂದದ್ದು ಆಮೇಲೆ. ನಮ್ಮನ್ನೆಲ್ಲ ಅದರಲ್ಲೇ ಕೂಡಿಸಿಕೊಂಡು ವಿಜಯಪುರಕ್ಕೆ ತಂದು ಬಿಟ್ಟರು.

ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್ ಹಾಕಿದರು. ಬಾಯಾರು ಎಡಗೈ ಒಂದರಲ್ಲೇ ಏನಾದರೂ ಹೇಳಲು ನೋಡುತ್ತಿದ್ದರು. ಅರ್ಧ ಮಾತು ಆಗುತ್ತಿತ್ತು, ಉಳಿದರ್ಧ ಗಾಳಿಯಲ್ಲಿ ನಿಲ್ಲುತ್ತಿತ್ತು. ಮಗಳು ಶಾಲೆ ಬಿಟ್ಟು ಬಂದವಳೇ ಮೇಲೆ ಹೋಗಿ ಪಕ್ಕದಲ್ಲಿ ಕುಳಿತು, ಕಡಿಮೆ ಬಿದ್ದ ಕೈಯನ್ನು ತನ್ನ ಕೈಯಿಂದ ತುಂಬಿಸುತ್ತಿದ್ದಳು. ಓಣಿಯವರು ಕೆಲವರು ಬಂದು ಮಾತಾಡಿಸಿ ಹೋದರು. ಹಾಲಿನವನೂ ಬಂದ, ಎಮ್ಮೆ ಮತ್ತೆ ಹಾಲು ಕೊಡುತ್ತಿದೆ ಎಂದ. ಮೋಟಾರ್ ಸೈಕಲಿನವರು ಮತ್ತೆ ಕಾಣಲಿಲ್ಲ. ಬಾಯಾರನ್ನೂ ಮಾಸ್ತರನ್ನೂ ಕಳಿಸಿದ್ದ ಮಿಶನ್ ಸಂಸ್ಥೆಯಿಂದ ವಾಪಸು ಬನ್ನಿ ಎಂದು ಫೋನು ಬಂತು. ಪ್ಲಾಸ್ಟರ್ ಬಿಚ್ಚುವ ಮೊದಲೇ ಅವರು ಹೊರಟರು. ಮೆಟ್ಟಿಲಿಳಿಯುವಾಗ ಮಾಸ್ತರು ಅತ್ತೆಯ ಕಾಲು ಮುಟ್ಟಿದರು. ಬಾಯಾರು ಮಗಳಿಗೆ ಎಡಗೈಯಲ್ಲಿ ಏನೋ ಹೇಳಿದರು. ಏನೆಂದು ಮಗಳು ನನಗೆ ಇಂದಿಗೂ ಹೇಳಿಲ್ಲ.

ಘೋಣಸಗಿಯ ಹುಡುಗಿಯರಿಗೆ ತಿಳಿಸಿ ಹೇಳುವವರು ಯಾರೂ ಇರಲಿಲ್ಲ. ಆ ಭಾಷೆ ಅವರ ಮನೆಯಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ, ನಾನು ಮತ್ತೆ ಆ ದಾರಿ ಹಿಡಿಯಲಿಲ್ಲ. ಪಾಠದ ದಿನ ಅಕ್ಕತಂಗಿಯರಿಬ್ಬರೂ ಊರ ಮುಂದಿನ ರಸ್ತೆಗೆ ಬಂದು ಸಂಜೆಯವರೆಗೆ ನಿಲ್ಲುತ್ತಾರೆಂದು ಬಳೆಗಾರ ಮುದುಕಿ ಆಮೇಲೊಮ್ಮೆ ಸಿಕ್ಕಾಗ ಹೇಳಿದಳು. ಎಷ್ಟು ವಾರ ನಿಂತರೋ... ಮುಂದಿನದನ್ನು ಕೇಳುವ ಧೈರ್ಯ ನನಗಾಗಲಿಲ್ಲ.

ಬಾಯಾರು ಕೆಲವು ವರ್ಷ ವಿಡಿಯೋ ಕರೆ ಮಾಡುತ್ತಿದ್ದರು. ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಮಗಳು ನಗುತ್ತಿದ್ದಳು, ಬಾಯಾರು ಈಗ ತೊದಲುತ್ತಾರೆ ಎಂದು. ಹೋದ ವರ್ಷ ಮಾಸ್ತರಿಂದ ಸಂದೇಶ ಬಂತು, ಬಾಯಾರು ಕಾಯಿಲೆಯಿಂದ ತೀರಿಕೊಂಡರೆಂದು. ಮಗಳಿಗೆ ಹೇಳಿದೆ. ಮಣ್ಣು ಮಾಡುವಾಗ ಅವರ ಕೈ ಹೇಗೆ ಇಟ್ಟಿದ್ದರು ಎಂದು ಕೇಳಿದಳು. ನಾನು ಮಾಸ್ತರನ್ನು ಕೇಳಲಿಲ್ಲ.

ಮಗಳು ಈಗ ಡಿಗ್ರಿ ಮುಗಿಸಿ ನಗರದಲ್ಲೇ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಕೆಲಸಕ್ಕೆ ಹೋಗುತ್ತಾಳೆ. ಮನೆಯಲ್ಲಿ ಅವಳ ಕೈಗಳಿಗೆ ಬಿಡುವಿಲ್ಲ, ಅಷ್ಟು ಮಾತು. ಹೊಸ್ತಿಲು ದಾಟಿದರೆ ಮೊಬೈಲಿನಲ್ಲಿ ಬರೆದು ತೋರಿಸುತ್ತಾಳೆ.

ಪಂಚಮಿ ಮುಗಿದ ಮರುವಾರ ಕನಮಡಿಯಲ್ಲಿ ನಮ್ಮ ಸಂಬಂಧಿಕರ ಮದುವೆಯಿತ್ತು. ಇಬ್ಬರೂ ಬಸ್ಸಿನಲ್ಲಿ ಹೊರಟೆವು. ಸೀಟು ಸಿಕ್ಕಿತ್ತು, ಮಳೆ ಬಂದು ಹೊಲಗಳು ಹಸಿರಾಗಿದ್ದವು. ತಿಕೋಟಾ ಹತ್ತಿರ ಬಂದಾಗ, ಊಟಕ್ಕೆ ಮೊದಲು ಸೀರೆ ಬದಲಿಸುತ್ತೀಯಾ ಎಂದು ನಾನು ಮರೆತು ಕೈಯಲ್ಲಿ ಕೇಳಿದೆ. ಮಗಳು ಮೆಲ್ಲಗೆ ನನ್ನ ಎರಡೂ ಕೈ ಹಿಡಿದು ತನ್ನ ಮಡಿಲಿಗೆ ಎಳೆದುಕೊಂಡಳು. ಬಸ್ಸು ನಿಂತಿತು, ಜನ ಇಳಿದರು, ಹತ್ತಿದರು. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಬಸ್ಸು ಹೊರಟಿತು, ಮನೆಗಳು ಹಿಂದೆ ಬಿದ್ದವು, ಮತ್ತೆ ಹೊಲಗಳು ಬಂದವು. ಅವಳು ನನ್ನ ಕೈ ಬಿಡಲಿಲ್ಲ.